ದನಗಳು ಕುಡಿದ ಕಥೆ

ಗ್ಲೆನ್‌ಕೋಲ್‌ನ ಮಹೂನನಿಗೆ ಇದ್ದದ್ದು ಒಂದೇ ಹೆಮ್ಮೆ. ಇಪ್ಪತ್ತೆಂಟು ವರ್ಷ ಹೆಬ್ಬಾತಿನ ಗರಿ ಹಿಡಿದು ಹಳೆಯ ವೀರರ ಕಥೆಗಳನ್ನು ನಕಲು ಮಾಡಿದ್ದರೂ ಅವುಗಳೊಳಗೆ ತನ್ನದೊಂದು ಮಾತನ್ನೂ ಅವನು ತೂರಿಸಿರಲಿಲ್ಲ. ಲೊರ್ಕಾನ್ ಒಂದೇ ಏಟಿಗೆ ಮುನ್ನೂರು ಜನರನ್ನು ಉರುಳಿಸಿದ ಎಂದು ಹಳೆಯ ಪುಸ್ತಕದಲ್ಲಿದ್ದರೆ ಇವನ ಪ್ರತಿಯಲ್ಲೂ ಮುನ್ನೂರೇ. ಗುಡ್ಡದಾಚೆಯ ಇನ್ನೊಬ್ಬ ನಕಲುಗಾರ ಅದನ್ನು ನಾನೂರು ಮಾಡಿದ್ದಾನೆಂದು ತಿಳಿದ ದಿನ ಮಹೂನನ ಗಂಟಲಲ್ಲಿ ಆಲೂಗಡ್ಡೆ ಇಳಿಯಲಿಲ್ಲ. "ಆ ನೂರು ಜನ ಅವನಿಗೇನು ಅನ್ಯಾಯ ಮಾಡಿದ್ರು ಅಂತ ಕೊಂದ?" ಎಂದು ಗೊಣಗಿಕೊಂಡೇ ಮಲಗಿದ.

ಪುಟದ ಅಂಚಿನ ಮಾತು ಬೇರೆ. ಅಂಚು ಬರೆಯುವವನ ಸ್ವಂತ ಹಿತ್ತಲು. ಅಲ್ಲಿ ಅವನು ಏನು ಬೇಕಾದರೂ ಗೊಣಗಬಹುದು, ಅದು ಹಿಂದಿನಿಂದ ಬಂದ ಪದ್ಧತಿ. 'ಚಳಿಗೆ ಬೆರಳು ಮರಗಟ್ಟಿದೆ.' 'ಶಾಯಿ ನೀರಾಗಿದೆ, ದೇವರು ಶಾಯಿ ಮಾರಿದವನನ್ನು ನೋಡಿಕೊಳ್ಳಲಿ.' 'ಬೆಕ್ಕು ಈಗ ತಾನೇ ಈ ಸಾಲಿನ ಮೇಲೆ ನಡೆಯಿತು.' ಮಹೂನನ ಅಂಚುಗಳನ್ನು ಓದಿದವರಿಗೆ ಅವನ ಬದುಕೆಲ್ಲ ತಿಳಿಯುತ್ತಿತ್ತು, ಏಕೆಂದರೆ ಅದರಲ್ಲಿ ಚಳಿ, ಶಾಯಿ ಮತ್ತು ಬೆಕ್ಕು ಬಿಟ್ಟು ಹೆಚ್ಚೇನೂ ಇರಲಿಲ್ಲ. ಕಲ್ಲೇ ಹೆಚ್ಚಿದ್ದ ಒಂದಿಷ್ಟು ಹೊಲ, ಎರಡು ಹಸು, ಮದುವೆಯಾಗದೆ ಉಳಿದ ಅಕ್ಕ ಮೋರ್. ಎರಡು ಬೇಸಿಗೆ ಬೇಲಿ ಮರೆಯಲ್ಲಿ ಮಕ್ಕಳನ್ನು ಕೂರಿಸಿಕೊಂಡು ಅಕ್ಷರ ಕಲಿಸಿದ್ದಕ್ಕೆ ಊರವರು ಅವನನ್ನು ಮೇಷ್ಟ್ರು ಎನ್ನುತ್ತಿದ್ದರು. ಅಕ್ಕ ಮಾತ್ರ ಅವನನ್ನು ಕರೆಯುತ್ತಿದ್ದ ಹೆಸರುಗಳು ಬೇರೆ.

ಲೊರ್ಕಾನನ ಕಥೆ ಅವನ ಮನೆಯ ಆಸ್ತಿ. ಅಜ್ಜ ಬರೆದಿಟ್ಟದ್ದು, ಅಪ್ಪ ಪ್ರತಿ ಚಳಿಗಾಲವೂ ಒಲೆಯ ಮುಂದೆ ಊರಿಗೆಲ್ಲ ಓದಿ ಹೇಳಿದ್ದು. ಚುಕ್ಕೆಗುರಾಣಿಯ ಲೊರ್ಕಾನ್ ತನ್ನ ರಾಜನ ಕೊಪ್ಪರಿಗೆಯನ್ನು ಏಳು ಬಾಗಿಲ ಕೋಟೆಯಿಂದ ಮರಳಿ ತರಲು ಹೊರಡುತ್ತಾನೆ. ಹೊಳೆಗೆ ಒಂದು ಕಾಲಿಡುತ್ತಾನೆ. ಬೆನ್ನ ಹಿಂದಿನಿಂದ ಯಾರೋ ಅವನ ಹೆಸರು ಹಿಡಿದು ಕೂಗುತ್ತಾರೆ. ಲೊರ್ಕಾನ್ ತಿರುಗಿ ನೋಡುತ್ತಾನೆ, ನೋಡಿ... ಅಷ್ಟೇ. ಅಲ್ಲಿಗೆ ಹಾಳೆ ಮುಗಿಯುತ್ತದೆ. ಮುಂದಿನದು ಯಾವ ಕಾಲದಲ್ಲಿ ಕಳೆದುಹೋಯಿತೋ ಯಾರಿಗೂ ಗೊತ್ತಿಲ್ಲ.

ಕೂಗಿದವರು ಯಾರು ಎಂಬ ಬಗ್ಗೆ ಗ್ಲೆನ್‌ಕೋಲ್‌ನಲ್ಲಿ ಎರಡು ಪಂಗಡಗಳಿದ್ದವು. ಶತ್ರು ಎನ್ನುವವರು ಕಮ್ಮಾರನ ಕಡೆ, ಸತ್ತ ತಮ್ಮನ ದೆವ್ವ ಎನ್ನುವವರು ನೇಕಾರನ ಕಡೆ. ಒಂದು ಮದುವೆಯಲ್ಲಿ ಈ ವಿಷಯಕ್ಕೆ ಮೂಗೊಂದು ಮುರಿದಿತ್ತು. ಮಹೂನನ ಅಪ್ಪ ಸಾಯುವಾಗ, ಪಾದ್ರಿಗಳು ಕಿವಿಯ ಬಳಿ ಬಗ್ಗಿ ಏನಾದರೂ ಹೇಳುವುದಿದೆಯೇ ಎಂದು ಕೇಳಿದರೆ, ಮುದುಕ ಕಣ್ಣು ತೆರೆದು, "ಸ್ವಾಮಿ, ಕೂಗಿದ್ದು ಯಾರು?" ಎಂದು ಕೇಳಿ ಪ್ರಾಣ ಬಿಟ್ಟ.

ಇಂಥ ಊರಿಗೆ, ಕೆರೆಯಾಚೆಯ ಸೈವ್‌ಳ ಮನೆಯಲ್ಲಿ ಕರುವಿನ ಚರ್ಮದ ಹಾಳೆಗಳ ಹಳೆಯ ಪುಸ್ತಕವೊಂದಿದೆ, ಅದರಲ್ಲಿ ಲೊರ್ಕಾನನ ಕಥೆಯ ಮುಂದಿನ ಭಾಗವಿದೆ ಎಂಬ ಸುದ್ದಿ ಬಂದರೆ ಏನಾಗಬೇಕು? ಸೈವ್‌ಳ ಅತ್ತೆ ತೀರಿಕೊಂಡಾಗ ಹೆಣ ಕಾಯಲು ಹೋದವರು ತಂದ ಸುದ್ದಿ ಅದು. ಮಹೂನ್ ಮರುದಿನ ಬೆಳಗ್ಗೆಯೇ ತೊಳೆದ ಅಂಗಿ ಹಾಕಿಕೊಂಡು, ಶಾಯಿಯ ಕೊಂಬನ್ನು ಸೊಂಟಕ್ಕೆ ಕಟ್ಟಿಕೊಂಡು ಹೊರಟ.

ಸೈವ್ ವಿಧವೆ. ಗಂಡ ಸಮುದ್ರಕ್ಕೆ ಮೀನಿಗೆ ಹೋದವನು ಹಿಂತಿರುಗಿರಲಿಲ್ಲ. ಅದಾಗಿ ಹತ್ತಾರು ವರ್ಷ. ನಲವತ್ತೈದರ ಆಚೀಚೆ, ಅಗಲ ಮುಖ, ಎತ್ತರದ ದನಿ. ಗಂಡನ ಮನೆತನ ಓದುಬರಹದ್ದು. ಅತ್ತೆ ಅವಳಿಗೆ ಹಳೆಯ ಲಿಪಿ ಓದಲು ಕಲಿಸಿದ್ದಳು, ಬರೆಯಲು ಕಲಿಸಿರಲಿಲ್ಲ. ಮಹೂನ್ ಅರ್ಧಬಾಗಿಲ ಮುಂದೆ ನಿಂತು ಬಂದ ಕಾರಣ ಹೇಳಿದ್ದಕ್ಕೆ ಅವಳು ಅವನ ಕೈಗಳನ್ನೇ ನೋಡಿದಳು.

"ಆ ಕೈಯಲ್ಲಿ ಪುಸ್ತಕ ಮುಟ್ಟಂಗಿಲ್ಲ ಮೇಷ್ಟ್ರೇ. ಹಿಂದೆ ಒಬ್ಬ ಬರಹದವ ಪುಸ್ತಕ ತಗೊಂಡು ಹೋಗಿ, ತರುವಾಗ ಹಾಳೆ ಕಮ್ಮಿ ತಂದಿದ್ನಂತೆ. ಅವತ್ತಿಂದ ಈ ಮನೆ ಹೆಂಗಸರ ಕೈ ಬಿಟ್ಟು ಬೇರೆ ಕೈಗೆ ಕೊಡಬಾರದು ಅಂತ ನಮ್ಮತ್ತೆ ಆಣೆ ಹಾಕಿಸಿದ್ದಾರೆ."

"ನಾನು ಮುಟ್ಟಲ್ಲ. ನೀವು ಓದಿ, ನಾನು ಬರ್ಕೊತೀನಿ."

"ಹಗಲು ಹೊತ್ನಲ್ಲಾ?"

ಇದು ಸಣ್ಣ ಪ್ರಶ್ನೆಯಾಗಿರಲಿಲ್ಲ. ವೀರರ ಕಥೆಗಳನ್ನು ಚಳಿಗಾಲದಲ್ಲಿ, ಕತ್ತಲಾದ ಮೇಲೆ ಹೇಳಬೇಕು. ಹಗಲಲ್ಲಿ ಹೇಳಿದರೆ ಊರಿಗೇ ಕೇಡು. ಆದರೆ ಮಹೂನನ ಕಣ್ಣು ದೀಪದ ಬೆಳಕಿಗೆ ಕೆಲಸಕ್ಕೆ ಬರುತ್ತಿರಲಿಲ್ಲ. ಅವನು ತಲೆ ಕೆರೆದುಕೊಂಡು ಹೇಳಿದ: "ಹೇಳೋದು ಬೇರೆ, ಓದೋದು ಬೇರೆ. ನೀವು ಹೇಳ್ತಿಲ್ವಲ್ಲ. ಪುಸ್ತಕ ನೋಡಿ ಓದೋದಕ್ಕೆ ಯಾವ ದೋಷಾನೂ ಇಲ್ಲ."

"ಅಷ್ಟು ಧೈರ್ಯವಾಗಿ ಹೇಳ್ತೀರಾದ್ರೆ ಒಳಗೆ ಬನ್ನಿ," ಎಂದಳು ಸೈವ್.

ಅಲ್ಲಿಗೆ ಶುರುವಾಯಿತು. ಕಿಟಕಿಯ ಪಕ್ಕ ಮೇಜು. ಈಚೆ ಬದಿಗೆ ಮಹೂನ್, ಆಚೆ ಬದಿಗೆ ಪುಸ್ತಕವನ್ನು ಎದೆಗೆ ಒರಗಿಸಿ ಹಿಡಿದ ಸೈವ್. ಮೊದಲ ದಿನವೇ ಊರಿನ ದೊಡ್ಡ ಜಗಳ ಬಗೆಹರಿಯಿತು: ಲೊರ್ಕಾನನನ್ನು ಕೂಗಿದ್ದು ಶತ್ರುವಲ್ಲ, ದೆವ್ವವೂ ಅಲ್ಲ, ಒಬ್ಬ ಅಗಸಗಿತ್ತಿ; ಹೊಳೆ ಕಲಕಬೇಡ, ಬಟ್ಟೆ ಒಗೆಯುತ್ತಿದ್ದೇನೆ ಎಂದು ಕೂಗಿದ್ದು. ಸುದ್ದಿ ಗ್ಲೆನ್‌ಕೋಲ್‌ಗೆ ಮುಟ್ಟಿದಾಗ ಕಮ್ಮಾರನೂ ನೇಕಾರನೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೂಗು ಮುರಿದುಕೊಂಡವನಿಗೆ ಮಾತ್ರ ಸಿಟ್ಟು ಬಂತು.

ಮೊದಲ ವಾರ ಮಹೂನ್ ಕಥೆಗಾಗಿ ಹೋದ. ಎರಡನೆಯ ವಾರದ ಕೊನೆಗೆ, ಕೆರೆಯ ದಡದಲ್ಲಿ ನಡೆಯುತ್ತ, ತಾನು ಶಿಳ್ಳೆ ಹಾಕುತ್ತಿದ್ದೇನೆ ಎಂಬುದು ಅವನ ಗಮನಕ್ಕೆ ಬಂತು. ನಿಂತ. ಯಾರಾದರೂ ಕೇಳಿದರೇನೋ ಎಂದು ಸುತ್ತ ನೋಡಿದ. ಒಂದು ಕುರಿ ಕೇಳಿಸಿಕೊಂಡಿತ್ತು. ಐವತ್ತೆರಡನೆಯ ವಯಸ್ಸಿಗೆ ಹೀಗಾಗಬಹುದೆಂದು ಅವನು ಓದಿದ ಯಾವ ಪುಸ್ತಕವೂ ಹೇಳಿರಲಿಲ್ಲ. ಅವನಿಗೆ ಸೈವ್ ಬೇಕಾಗಿದ್ದಳು. ವಿಷಯ ಅಷ್ಟೇ ನೇರ. ಅದನ್ನು ಹೇಳುವ ಬಾಯಿ ಮಾತ್ರ ಅವನಿಗಿರಲಿಲ್ಲ. ಅವಳ ಮನೆಗೆ ಹೋಗಲು ಅವನಿಗಿದ್ದ ಏಕೈಕ ನೆಪ ಆ ಕಥೆ. ಕಥೆ ಮುಗಿದ ದಿನ ಹೋಗುವುದೂ ಮುಗಿಯುತ್ತದೆ.

ಇಡೀ ಜೀವನ ಕಥೆಯ ಕೊನೆ ಹುಡುಕಿದವನು ಈಗ ಕೊನೆ ಬಾರದಿರಲೆಂದು ದೇವರಿಗೆ ಮೊರೆಯಿಡತೊಡಗಿದ. ದೇವರ ಮೇಲೆಯೇ ಬಿಟ್ಟು ಕೂರಲೂ ಇಲ್ಲ. ಓದಿದ ಸಾಲನ್ನು ಇನ್ನೊಮ್ಮೆ ಓದಿಸಿದ. ಗರಿ ಮೊಂಡಾಯಿತೆಂದು ಕೂತು ಚೂಪು ಮಾಡಿದ. ಅಕ್ಷರಗಳನ್ನು ದೊಡ್ಡದು ಮಾಡಿದ.

"ಏನೋ ಮಹೂನ್," ಎಂದಳು ಮೋರ್ ಒಂದು ದಿನ ಹಾಳೆಗಳನ್ನು ತಿರುವುತ್ತ. ಅವಳಿಗೆ ಓದಲು ಬಾರದು, ಆದರೆ ಕಣ್ಣು ಚುರುಕು. "ಮೊದಲ್ನೇ ಹಾಳೇಲಿ ಇರುವೆ ಸಾಲಿನ ಹಾಗೆ ಬರ್ದಿದ್ದೆ. ಈಗ ನೋಡಿದ್ರೆ ಒಂದೊಂದು ಅಕ್ಷರ ಒಂದೊಂದು ಕರುವಿನ ಥರ ಮಲ್ಗಿದೆ. ಕಾಗದ ಏನು ನಮ್ಮ ಹೊಲ್ದಲ್ಲಿ ಬೆಳೆಯುತ್ತಾ?"

"ಅದು... ಹಳೇ ಶೈಲಿ ಅಕ್ಕ."

"ಅಂಚಲ್ಲೂ ಏನೋ ಬರ್ದಿದೀಯ. ಓದು ನೋಡಣ."

ಅಂಚಿನಲ್ಲಿ, 'ಇವತ್ತು ಸೈವ್ ಓಟ್ಸ್ ರೊಟ್ಟಿಗೆ ಬೆಣ್ಣೆ ಹಚ್ಚಿ ಕೊಟ್ಟಳು. ಬೆಣ್ಣೆಯ ಮೇಲೆ ಅವಳ ಹೆಬ್ಬೆರಳ ಗುರುತಿತ್ತು' ಎಂದಿತ್ತು. ಮಹೂನ್ ಅದನ್ನು, "ಚಳಿಗೆ ಬೆರಳು ಮರಗಟ್ಟಿದೆ," ಎಂದು ಓದಿದ.

"ಇಂಥ ಬಿಸಿಲಲ್ಲಾ?" ಎಂದು ಅಕ್ಕ ಕೇಳಿದಳು.

ಕಥೆಯಾದರೂ ಅವನಿಗೆ ಎಷ್ಟು ಅನುಕೂಲವಾಗಿತ್ತೆಂದರೆ! ಕೋಟೆ ಇನ್ನೇನು ಬಂತು ಎನ್ನುವಷ್ಟರಲ್ಲಿ ಲೊರ್ಕಾನನಿಗೆ ದಾರಿ ತಪ್ಪುತ್ತಿತ್ತು. ಹೆಂಗಸು ಊಟಕ್ಕೆ ಕರೆದರೆ ಒಲ್ಲೆ ಎನ್ನಬಾರದೆಂಬ ಕಟ್ಟು ಹುಟ್ಟಿನಿಂದಲೇ ಅವನ ಮೇಲಿತ್ತಂತೆ. ಹಾಗಾಗಿ ದಾರಿಯ ಪ್ರತಿ ಮನೆಯಲ್ಲೂ ಕೂತು ಉಣ್ಣುತ್ತಿದ್ದ. ಒಂದು ಹಂದಿ, ಒಂದು ಬುಟ್ಟಿ ಸಾಲ್ಮನ್ ಮೀನು, ಬಂಡಿಗಾಲಿಯಷ್ಟು ದೊಡ್ಡ ಬೆಣ್ಣೆಮುದ್ದೆ. ಹುಲ್ಲು ಕೊಯ್ಯುವ ಕಾಲ ಬಂದರೂ ವೀರ ಇನ್ನೂ ಉಣ್ಣುತ್ತಲೇ ಇದ್ದ. ಈಗಂತೂ ಗುಡ್ಡದ ತಪ್ಪಲಿನ ಒಬ್ಬ ವಿಧವೆಯ ಮನೆ ಹೊಕ್ಕವನು ಹದಿನೈದು ದಿನವಾದರೂ ಹೊರಬಿದ್ದಿರಲಿಲ್ಲ.

ಆ ಹೊತ್ತಿಗೆ ಗ್ಲೆನ್‌ಕೋಲ್‌ನಲ್ಲಿ ಎಡವಟ್ಟುಗಳು ಶುರುವಾದವು. ಕಮ್ಮಾರನ ಹೇಸರಗತ್ತೆ ಪಾದ್ರಿಗಳ ಟೊಪ್ಪಿ ತಿಂದಿತು. ಗೋಬ್ನಿತ್ ಅಜ್ಜಿಯ ಹೇಂಟೆ ಹುಂಜದ ಹಾಗೆ ಕೂಗಿತು. ಎಲ್ಲಕ್ಕಿಂತ ಕೆಟ್ಟದ್ದೆಂದರೆ ಮೋರ್ ಎಷ್ಟು ಕಡೆದರೂ ಬೆಣ್ಣೆ ಬರದೇ ಹೋಯಿತು. ಬಿಸಿಲಿಗೆ ಹಾಲು ಬೆಚ್ಚಗಾಗಿತ್ತೆಂದು ಬುದ್ಧಿಯಿರುವ ಯಾರಾದರೂ ಹೇಳುತ್ತಿದ್ದರು, ಆದರೆ ಬೆಣ್ಣೆ ಬಾರದ ಮನೆಯಲ್ಲಿ ಬುದ್ಧಿಯನ್ನು ಕೇಳುವವರು ಯಾರು? ಗೋಬ್ನಿತ್ ಅಜ್ಜಿಯನ್ನು ಕರೆಸಿದರು. ಊರಿನ ದನದ ರೋಗ, ದೃಷ್ಟಿ, ಶಕುನ ಎಲ್ಲ ಅವಳ ಇಲಾಖೆ. ಅಜ್ಜಿ ಒಳಗೆ ಬಂದವಳೇ ಬೆಣ್ಣೆ ಕಡೆಯುವ ಮನೆಗೆ ಬಂದವರು ಮಾಡಲೇಬೇಕಾದ ಪದ್ಧತಿಯಂತೆ ಕಡೆಗೋಲು ಹಿಡಿದು ನಾಲ್ಕು ಸಲ ಕುಟ್ಟಿ, ಮುಚ್ಚಳ ತೆಗೆದು ಮೂಸಿ, ಮಹೂನನ ಕಡೆ ತಿರುಗಿದಳು.

"ಈ ಸೀಮೇಲಿ ಯಾರೋ ಹಗಲಲ್ಲಿ ವೀರರ ಕಥೆ ಹೇಳ್ತಾವ್ರೆ."

"ಅಜ್ಜಿ, ನಾವು ಹೇಳ್ತಿಲ್ಲ, ಓದ್ತಿದೀವಿ. ಪುಸ್ತಕ ನೋಡಿ."

"ನಾನು ನಿನ್ನ ಹೆಸರು ಹೇಳಿದ್ನಾ? ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡೋನು ನೀನೇ ಕಣಪ್ಪ." ಅಜ್ಜಿ ಮೂಗಿಗೆ ನಶ್ಯ ಏರಿಸಿದಳು. "ಓದಿದ್ರೆ ಬೆಣ್ಣೆ ಬರ್ತಿತ್ತು. ಬರ್ತಿಲ್ಲ. ಅಂದ್ರೆ ಹೇಳ್ತಾ ಅವ್ರೆ."

"ಅದ್ಹೇಗೆ ಸಾಧ್ಯ? ಅವರ ಕೈಲಿ ಪುಸ್ತಕ ಇರುತ್ತೆ, ನಾನೇ ನೋಡ್ತೀನಿ."

"ಪುಸ್ತಕ ನೋಡ್ತೀಯೋ, ಅವಳ್ನ ನೋಡ್ತೀಯೋ?" ಎಂದಳು ಮೋರ್. ಮಹೂನನ ಕಿವಿ ಕೆಂಪಾಯಿತು.

ಅಜ್ಜಿಯ ತೀರ್ಪು ಹೀಗಿತ್ತು: ಅದೇ ಪುಸ್ತಕದ ಹಾಳೆಯೊಂದನ್ನು ನೀರಿನಲ್ಲಿ ನೆನೆಸಿ, ಆ ನೀರನ್ನು ತಂದು ಕಡೆಯುವ ಪಾತ್ರೆಗೆ ಚಿಮುಕಿಸಬೇಕು. ಹಸುವಿಗೆ ಕಾಯಿಲೆಯಾದರೆ ಹಳೆಯ ಪುಸ್ತಕ ನೆನೆಸಿದ ನೀರು ಕುಡಿಸುವುದು ಎಲ್ಲರೂ ಮಾಡುವ ಮದ್ದೇ; ಬೆಣ್ಣೆಗೂ ಅದೇ ಸಾಕು. ಮೋರ್ ತಮ್ಮನ ಕೈಗೆ ಮರದ ತಂಬಿಗೆ ಕೊಟ್ಟು, ಬೆನ್ನಿಗೆ ಒಂದು ನೂಕು ಕೊಟ್ಟಳು.

ಮಹೂನ್ ದಾರಿಯುದ್ದಕ್ಕೂ ಬಿರುಸಾಗಿ ನಡೆದ. ಸೈವ್‌ಳ ಮೇಲೆ ಇಲ್ಲದ ಅಪವಾದ ಹೊರಿಸಿದರಲ್ಲ ಎಂದು ಅವನಿಗೆ ನಿಜಕ್ಕೂ ಕೋಪ ಬಂದಿತ್ತು. ಇವತ್ತು ನೀರು ಒಯ್ದು, ಬೆಣ್ಣೆ ಬರಿಸಿ, ಅಜ್ಜಿಯ ಬಾಯಿ ಮುಚ್ಚಿಸಬೇಕು.

"ದೇವರು ಈ ಮನೆಗೆ ಒಳ್ಳೇದು ಮಾಡ್ಲಿ," ಎಂದು ಒಳಗೆ ಹೋದ.

"ನಿಮಗೂ ಮಾಡ್ಲಿ. ಇದೇನು ಮೇಷ್ಟ್ರೇ, ಶಾಯಿ ಬದಲು ತಂಬಿಗೆ? ಶೌಚಕ್ಕೆ ಹೊರಟೋರು ದಾರಿ ತಪ್ಪಿ ಬಂದ್ರಾ?"

ಮಹೂನ್ ವಿಷಯ ಹೇಳಿದ. ಬೆಣ್ಣೆ, ಅಜ್ಜಿ, ಹಗಲ ಕಥೆ, ಒಂದು ಹಾಳೆ, ಒಂದಿಷ್ಟು ನೀರು. ಹೇಳುತ್ತ ಹೋದಂತೆ ಸೈವ್‌ಳ ಮುಖ ಮೊದಲು ಬಿಳಿಚಿತು, ಆಮೇಲೆ ಕೆಂಪಾಯಿತು. ಆಮೇಲೆ ಅವಳ ಭುಜ ಅಲುಗತೊಡಗಿತು. ಅಳುತ್ತಿದ್ದಾಳೆಂದು ಮಹೂನ್ ಗಾಬರಿಯಾದ. ಅವಳು ಸೆರಗಿನಂತೆ ಹೊದ್ದಿದ್ದ ಶಾಲನ್ನು ಬಾಯಿಗೆ ತುರುಕಿಕೊಂಡು ನಗುತ್ತಿದ್ದಳು. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. ಬೆಂಚಿನ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡಳು.

"ಹಾಳೆ ಬೇಕಾ? ಯಾವ ಹಾಳೆ ಬೇಕೋ ಆರಿಸ್ಕೊಳ್ಳಿ," ಎಂದು ಪುಸ್ತಕವನ್ನು ಅವನ ಮುಂದೆ ಮೊದಲ ಬಾರಿಗೆ ತೆರೆದು ಇಟ್ಟಳು.

ಮೊದಲ ಮೂರು ಹಾಳೆಗಳಲ್ಲಿ ಬರಹವಿತ್ತು. ನಾಲ್ಕನೆಯದರಲ್ಲಿ ಅಲ್ಲಲ್ಲಿ ಕಂದು ಕಲೆ. ಉಳಿದವು ಈಗ ತಾನೇ ಉಜ್ಜಿ ತೊಳೆದ ಮೇಜಿನ ಹಾಗೆ ಖಾಲಿ.

"ನಮ್ಮತ್ತೆ ಕಾಲದಲ್ಲಿ ಯಾರ ಹಸು ಕೆಮ್ಮಿದ್ರೂ ಈ ಮನೆಗೇ ಬರೋರು," ಎಂದಳು ಸೈವ್ ಕಣ್ಣೊರೆಸಿಕೊಳ್ಳುತ್ತ. "ಅತ್ತೆಯ ಅತ್ತೆ ಕಾಲದಿಂದ್ಲೂ ಅದೇ. ಬರೀ ನೆನೆಸಿದ್ರೆ ಸಾಕಾಗ್ತಿರ್ಲಿಲ್ಲ, ಗಟ್ಟಿ ಮದ್ದು ಬೇಕು ಅಂತ ಶಾಯೀನ ಉಜ್ಜಿ ಉಜ್ಜಿ ತೆಗೆಯೋರು. ಕೊನೆ ಕಡೆ ಹಾಳೆಗಳೇ ಕೈಗೆ ಮೊದಲು ಸಿಗ್ತಿದ್ವು. ಲೊರ್ಕಾನ್ ಕೊನೆಗೆ ಏನಾದ ಅನ್ನೋದು ಈ ಸೀಮೆ ದನಗಳಿಗೆ ಮಾತ್ರ ಗೊತ್ತು ಮೇಷ್ಟ್ರೇ."

ಮಹೂನ್ ಬೆಂಚಿನ ಮೇಲೆ ಕುಸಿದ. ಮೂರು ಹಾಳೆ. ಮೂರು ಹಾಳೆಯೆಂದರೆ ಮೊದಲ ಎರಡು ವಾರ. ಅಲ್ಲಿಂದ ಇಲ್ಲಿಯವರೆಗೆ ಬರೆದದ್ದೆಲ್ಲ? ಆ ಹಂದಿ, ಆ ಸಾಲ್ಮನ್, ಆ ಬೆಣ್ಣೆಮುದ್ದೆ? ತನ್ನದೊಂದು ಮಾತನ್ನೂ ಸೇರಿಸದವನ ಪ್ರತಿಯಲ್ಲಿ ಈಗ ಮುಕ್ಕಾಲು ಪಾಲು ಒಬ್ಬ ಹೆಂಗಸು ಕಿಟಕಿ ಪಕ್ಕ ಕೂತು ಕಟ್ಟಿದ ಮಾತು! ಗುಡ್ಡದಾಚೆಯವನು ಸೇರಿಸಿದ್ದು ನೂರು ಹೆಣ ಮಾತ್ರ. ಮಹೂನ್ ಎದ್ದು ಟೊಪ್ಪಿ ಹಾಕಿಕೊಂಡ.

"ಸುಳ್ಳು ಬರೆಸಿದ್ರಿ ನನ್ನ ಕೈಲಿ."

"ಬರೆಸ್ದೆ," ಎಂದಳು ಸೈವ್. ನಗು ನಿಂತಿತ್ತು.

"ಅದನ್ನೆಲ್ಲ ಗೀಟು ಹೊಡೆದು ಹಾಕ್ತೀನಿ. ನಿಮ್ಮದು ಎಲ್ಲೆಲ್ಲಿದೆ ಅಂತ ನೀವೇನೂ ಹೇಳಬೇಕಾಗಿಲ್ಲ. ಹಳೇ ಮಾತು ಯಾವುದು, ಹೊಸ ಮಾತು ಯಾವುದು ಅಂತ ನನಗೆ ಮೂಸಿದ್ರೆ ಗೊತ್ತಾಗುತ್ತೆ." ನಿನ್ನೆ ಮೇಜಿನ ಮೇಲೆ ಬಿಟ್ಟುಹೋಗಿದ್ದ ತನ್ನ ಪ್ರತಿಯನ್ನು ಎಳೆದುಕೊಂಡು ಹಾಳೆ ತಿರುವಿದ. "ಇಗೋ. ನಲವತ್ತು ಕುದುರೆಗಳ ಹೆಸರು, ಒಂದಾದ ಮೇಲೊಂದು. ಹಳೆಯವರು ಇಷ್ಟು ಬೇಸರ ಬರೆಯಲ್ಲ. ಇದು ನಿಮ್ಮದು."

"ಅದು ಪುಸ್ತಕದ್ದು. ಎರಡನೇ ಹಾಳೆ, ನೋಡಿ."

ನೋಡಿದ. ನಲವತ್ತು ಕುದುರೆಗಳೂ ಸಾಲಾಗಿ ನಿಂತಿದ್ದವು. ಮಹೂನ್ ಗಂಟಲು ಸರಿಮಾಡಿಕೊಂಡು ಮುಂದಿನ ಹಾಳೆಗೆ ಹೋದ. ಅಲ್ಲಿ ಒಂದು ಕಡೆ ಅವನ ಬೆರಳು ತಾನಾಗಿಯೇ ಮೆತ್ತಗಾಯಿತು. ಸತ್ತ ಗೆಳೆಯನನ್ನು ಹುಡುಕುತ್ತ ಲೊರ್ಕಾನ್ ಸಮುದ್ರದ ದಡದಲ್ಲಿ ನಿಂತು ಅಲೆಗಳ ಹತ್ತಿರ ಜಗಳವಾಡುವ ಭಾಗ ಅದು. ಬರೆದುಕೊಳ್ಳುವಾಗ ಶಾಯಿಯ ಮೇಲೆ ಕಣ್ಣೀರು ಬಿದ್ದು ಒಂದು ಸಾಲು ಕಲಸಿಹೋಗಿತ್ತು.

"ಇದನ್ನಂತೂ ಮುಟ್ಟಲ್ಲ," ಎಂದ. "ಇದು ಅಪ್ಪಟ ಹಳೇದು. ಈ ಕಾಲದವರಿಗೆ ಹೀಗೆ ಕಟ್ಟೋಕೆ ಬರಲ್ಲ."

ಸೈವ್ ಆ ಕಲಸಿಹೋದ ಸಾಲಿನ ಮೇಲೆ ಬೆರಳಿಟ್ಟಳು.

"ನಮ್ಮನೆಯವ್ರ ದೋಣಿ ಖಾಲಿ ಬಂದ ದಿನ ನಾನು ದಡದಲ್ಲಿ ನಿಂತು ಅಂದಿದ್ದು ಅದು," ಎಂದಳು. "ಯಾರಿಗೂ ಕೇಳಿಸಿರ್ಲಿಲ್ಲ. ಲೊರ್ಕಾನ್ ಬಾಯಲ್ಲಿ ಚೆನ್ನಾಗಿ ಕೂತ್ಕೊಳ್ತು."

ಮಹೂನ್ ಟೊಪ್ಪಿ ತೆಗೆದ. ಮತ್ತೆ ಹಾಕಿಕೊಂಡ. ಮತ್ತೆ ತೆಗೆದು ಮೊಣಕಾಲ ಮೇಲಿಟ್ಟುಕೊಂಡು ಕೂತ. ಅವನ ಕೋಪ ಎಲ್ಲಿ ಹೋಯಿತೆಂದು ಅವನಿಗೇ ತಿಳಿಯಲಿಲ್ಲ. ಅವಳ ಮೇಲೆ ಇಷ್ಟು ಪ್ರೀತಿ ಹಿಂದೆಂದೂ ಬಂದಿರಲಿಲ್ಲ.

"ಪುಸ್ತಕ ಮುಗೀತು ಅಂತ ಅವತ್ತೇ ಹೇಳಬಹುದಾಗಿತ್ತಲ್ಲ. ಯಾಕೆ ಹೀಗೆ ಮಾಡಿದ್ರಿ?"

"ನೀವ್ಯಾಕೆ ಗರಿ ಮೊಂಡು ಮಾಡ್ಕೊತಿದ್ರಿ?"

"ಗರಿ ತಾನಾಗೇ ಮೊಂಡಾಗುತ್ತೆ."

"ಮೇಜಿಗೆ ಒತ್ತಿ ಒತ್ತಿ ಮುರೀತಿದ್ರಿ ಮೇಷ್ಟ್ರೇ. ನಾನು ಓದೋ ಪುಸ್ತಕದಲ್ಲಿ ಏನೂ ಇರ್ಲಿಲ್ಲ. ಕಣ್ಣು ಬೇರೆ ಏನ್ನ ನೋಡ್ಬೇಕು?"

ಹೊರಗೆ ಹಸು ಅಂಬಾ ಎಂದಿತು. ಒಲೆಯಲ್ಲಿ ಉರುವಲಿಗೆಂದು ಒಣಗಿಸಿದ ಜೌಗುಮಣ್ಣಿನ ಹೆಂಟೆಯೊಂದು ಮಗ್ಗುಲು ಬದಲಿಸಿತು. ಈಗ ಮಾತಾಡಬೇಕಾದವನು ತಾನೆಂದು ಮಹೂನನಿಗೆ ಗೊತ್ತಿತ್ತು. ಬಾಯಿ ತೆರೆದ. ಮುಚ್ಚಿದ. ಇನ್ನೊಮ್ಮೆ ತೆರೆದ; ನೀರಿನಿಂದ ಹೊರಬಿದ್ದ ಮೀನೂ ಇದಕ್ಕಿಂತ ಹೆಚ್ಚು ಮಾತಾಡೀತು.

"ಮುಂದಿನ ಕಥೆ?" ಎಂದ ಕೊನೆಗೆ.

"ನಂಗೊತ್ತಿಲ್ಲ. ಲೊರ್ಕಾನ್ ವಿಧವೆ ಮನೆ ಹೊಸ್ತಿಲಲ್ಲಿ ಗುರಾಣಿ ಹಿಡ್ಕೊಂಡು ನಿಂತಿದಾನೆ. ಕೋಟೆಗೆ ಹೊರಡ್ಬೇಕು. ಹೊರಟ್ರೆ ಕಥೆ ಮುಗಿಯುತ್ತೆ." ಅವಳು ಕಿಟಕಿಯಾಚೆ ನೋಡಿದಳು. "ಅವನ್ನ ಹೇಗೆ ಕಳಿಸ್ಬೇಕು ಅಂತ ನಿನ್ನೆಯಿಂದ ಯೋಚಿಸ್ತಿದೀನಿ. ಆಗ್ತಾ ಇಲ್ಲ."

ಮಹೂನ್ ಗರಿಯನ್ನು ಕೈಗೆತ್ತಿಕೊಂಡ. ಶಾಯಿ ತಂದಿರಲಿಲ್ಲ, ನಿನ್ನೆ ಬಿಟ್ಟುಹೋದ ಕೊಂಬಿನ ತಳದಲ್ಲಿ ಒಂದಿಷ್ಟು ಉಳಿದಿತ್ತು. ಅಂಚಿನಲ್ಲಲ್ಲ, ಕಥೆಯ ಒಳಗೇ, ನಿನ್ನೆಯ ಸಾಲಿನ ಮುಂದೆಯೇ ಬರೆಯತೊಡಗಿದ. ಇಪ್ಪತ್ತೆಂಟು ವರ್ಷದಲ್ಲಿ ಅವನ ಕೈ ಇಷ್ಟು ಕೆಟ್ಟದಾಗಿ ಬರೆದದ್ದಿಲ್ಲ. ಬರೆದು, ತಲೆಯೆತ್ತದೆ, ಓದಿದ:

"'ಈ ಮನೆಯ ಬೆಣ್ಣೆ ತಿಂದ ಮೇಲೆ ನನಗೆ ಯಾವ ಕೊಪ್ಪರಿಗೆಯೂ ಬೇಡವಾಗಿದೆ. ನೀನು ಒಪ್ಪುವುದಾದರೆ ನಾನು ಇಲ್ಲೇ ಇದ್ದುಬಿಡುತ್ತೇನೆ' ಎಂದು ಲೊರ್ಕಾನ್ ಆ ವಿಧವೆಯನ್ನು ಕೇಳಿದನು."

ಸೈವ್ ಅವನನ್ನೇ ನೋಡುತ್ತಿದ್ದಳು. "ಹಾಗಂತ ಪುಸ್ತಕದಲ್ಲಿದ್ಯಾ?"

"ಇದೆ," ಎಂದ ಮಹೂನ್. ಪುಸ್ತಕದ ಹೆಸರಲ್ಲಿ ಅವನು ಹೇಳಿದ ಮೊದಲ ಸುಳ್ಳು ಅದು. "ಮುಂದೇನಿದೆ ಅಂತ ನೀವೇ ಓದಬೇಕು. ನಾನು ಮುಟ್ಟಂಗಿಲ್ವಲ್ಲ."

ಸೈವ್ ಪುಸ್ತಕವನ್ನು ಎತ್ತಿ ಎದೆಗೊರಗಿಸಿಕೊಂಡಳು. ಖಾಲಿ ಹಾಳೆಯನ್ನು ಕಿಟಕಿಯ ಬೆಳಕಿಗೆ ಓರೆ ಮಾಡಿದಳು. ಬೆರಳನ್ನು ನಿಧಾನವಾಗಿ ಸಾಲಿನ ಮೇಲೆ ಸಾಲು ಸರಿಸುತ್ತ, ಹುಡುಕಿ, ಒಂದು ಕಡೆ ನಿಲ್ಲಿಸಿದಳು. ಅವಳ ದನಿ ಎಂದಿನಷ್ಟು ಎತ್ತರದಲ್ಲಿರಲಿಲ್ಲ.

"'ಇದನ್ನ ಕೇಳೋಕೆ ಇಷ್ಟು ದಿನ ಬೇಕಾಯ್ತೇನೋ ನಿಂಗೆ, ಪೆದ್ದ? ಆ ಗುರಾಣಿ ಕೆಳಗಿಟ್ಟು ಒಳಗೆ ಬಾ.'"

ಮಹೂನ್ ಒಂದಕ್ಷರವನ್ನೂ ಬಿಡದೆ ಬರೆದುಕೊಂಡ.